ಕಾಲಿನ ತೊಂದರೆಗಳು: ತಜ್ಞರ ಬಳಿಗೆ ಕಳುಹಿಸಬೇಕಾದದ್ದು ಯಾವಾಗ?



ವಾರ್ಡಿನಲ್ಲಿ ಯಾರು ಕುಂಟುತ್ತಿದ್ದಾರೆ, ಯಾರ ಕಾಲಿಗೆ ತಿಂಗಳುಗಳಿಂದ ಬಟ್ಟೆ ಸುತ್ತಿದೆ ಎಂಬುದು ವೈದ್ಯರಿಗಿಂತ ಮೊದಲು ತಮ್ಮ ಗಮನಕ್ಕೆ ಬರುತ್ತದೆ. ಚಿಕಿತ್ಸೆ ನೀಡುವುದು ನಮ್ಮ ಕಾರ್ಯವಲ್ಲ; ಯಾರನ್ನು ಎಷ್ಟು ಬೇಗ ಆಸ್ಪತ್ರೆಗೆ ಕಳುಹಿಸಬೇಕೆಂಬುದನ್ನು ಅರಿಯುವುದು ಮಾತ್ರ ನಮ್ಮ ಕರ್ತವ್ಯ. ಈ ಪಾಠದ ಸಾರ ಒಂದೇ: ಕಾಲಿನ ವಿಷಯದಲ್ಲಿ ನೋವಿನ ಪ್ರಮಾಣವು ಅಪಾಯದ ಅಳತೆಗೋಲಲ್ಲ. ನೋವಿಲ್ಲದ ಹುಣ್ಣೇ ಹಲವು ಬಾರಿ ಕಾಲನ್ನು ಕಳೆಯುತ್ತದೆ.

1. ಉಬ್ಬಿದ ರಕ್ತನಾಳಗಳು (ವೆರಿಕೋಸ್ ವೇನ್ಸ್)

ಕಾಲಿನ ರಕ್ತವು ಹೃದಯದತ್ತ ಮೇಲಕ್ಕೆ ಏರಬೇಕು. ಮೀನಖಂಡದ ಸ್ನಾಯುಗಳು ಪಂಪಿನಂತೆ ಅದನ್ನು ತಳ್ಳುತ್ತವೆ. ರಕ್ತನಾಳದೊಳಗಿನ ಕವಾಟಗಳು ಕೊಳವೆಬಾವಿಯ ನಾನ್ ರಿಟರ್ನ್ ವಾಲ್ವಿನಂತೆ ಅದು ಹಿಂದಕ್ಕೆ ಹರಿಯದಂತೆ ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಕೆಳಗೆ ನಿಂತು ನಾಳಗಳು ಉಬ್ಬುತ್ತವೆ. ದೀರ್ಘಕಾಲ ನಿಂತು ದುಡಿಯುವವರಲ್ಲಿ ಇದು ಸಾಮಾನ್ಯ. ನಡಿಗೆ ಹಾಗೂ ಮಲಗುವಾಗ ಕಾಲನ್ನು ಎತ್ತರದಲ್ಲಿ ಇಡುವುದರಿಂದ ಉಪಶಮನ ದೊರೆಯುತ್ತದೆ. ಹರಡಿನ ಬಳಿ ಚರ್ಮ ಕಪ್ಪಾದರೆ, ಎರಡು ವಾರಗಳಲ್ಲಿ ಮಾಯದ ಹುಣ್ಣಾದರೆ ಅಥವಾ ನಾಳದಿಂದ ರಕ್ತ ಸೋರಿದರೆ ಶಸ್ತ್ರಚಿಕಿತ್ಸಾ ತಜ್ಞರ ಸಲಹೆ ಅಗತ್ಯ. ರಕ್ತ ಸೋರುವಾಗ ಮಲಗಿಸಿ, ಕಾಲನ್ನು ಮೇಲೆತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯತಕ್ಕದ್ದು.

2. ಹಠಾತ್ತನೆ ಊದಿದ ಒಂದೇ ಕಾಲು

ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ದೀರ್ಘಕಾಲ ಹಾಸಿಗೆ ಹಿಡಿದ ನಂತರ ಒಂದೇ ಕಾಲು ಊದಿ ಬಿಸಿಯಾದರೆ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಎಣ್ಣೆ ಹಚ್ಚಿ ತಿಕ್ಕಬಾರದು. ಹೆಪ್ಪು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಾಪಾಯ. ಅದೇ ದಿನ ಆಸ್ಪತ್ರೆಗೆ ಕಳುಹಿಸಬೇಕು. ಉಸಿರಾಟದ ತೊಂದರೆ ಅಥವಾ ಎದೆನೋವು ಕಂಡರೆ 108ಕ್ಕೆ ಕರೆ ಮಾಡಬೇಕು. ಎರಡೂ ಕಾಲುಗಳು ಊದಿದ್ದರೆ ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರಬಹುದಾದ್ದರಿಂದ ಮೊದಲು ವೈದ್ಯಾಧಿಕಾರಿಗಳಿಗೆ ತೋರಿಸತಕ್ಕದ್ದು. ಗರ್ಭಿಣಿಯರಲ್ಲಿ ಊತದೊಡನೆ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಕಳುಹಿಸಬೇಕು.

3. ನಡೆದಾಗ ಬರುವ, ನಿಂತಾಗ ಹೋಗುವ ನೋವು

ನಿರ್ದಿಷ್ಟ ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಸಡಿಲವಾಗುವುದು ಕಾಲಿಗೆ ರಕ್ತ ಪೂರೈಕೆ ಕಡಿಮೆಯಾದುದರ ಲಕ್ಷಣವಾಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಹಾಗೂ ಮಧುಮೇಹಿಗಳಲ್ಲಿ ಇದು ಹೆಚ್ಚು. ಇದನ್ನು ವಯಸ್ಸಿನ ದೋಷವೆಂದು ಬಿಡಬಾರದು. ರಾತ್ರಿ ಮಲಗಿದಾಗಲೂ ನೋವು, ತಣ್ಣಗಾದ ಪಾದ, ಕಪ್ಪಾದ ಬೆರಳು ಇದ್ದಲ್ಲಿ ರಕ್ತನಾಳ ತಜ್ಞರ ಬಳಿಗೆ ತುರ್ತಾಗಿ ಕಳುಹಿಸಬೇಕು.

4. ಮಧುಮೇಹಿಯ ಪಾದ

ಬಹುಕಾಲದ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಳಚಿ ಬಿದ್ದರೂ ತಿಳಿಯದು. "ನೋವಿಲ್ಲ, ತಾನಾಗಿಯೇ ಮಾಯುತ್ತದೆ" ಎಂಬ ಮಾತು ಇಲ್ಲಿ ಸಮಾಧಾನವಲ್ಲ, ಎಚ್ಚರಿಕೆ. ಇಂಥವರು ಬರಿಗಾಲಿನಲ್ಲಿ ನಡೆಯಬಾರದು. ಪ್ರತಿದಿನ ಅಂಗಾಲನ್ನು ನೋಡಿಕೊಳ್ಳಬೇಕು, ಕಣ್ಣು ಮಂದವಿದ್ದರೆ ಮನೆಯವರು ನೋಡಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು. ಗಾಯ ಎಷ್ಟೇ ಚಿಕ್ಕದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕೀವು, ದುರ್ವಾಸನೆ, ಜ್ವರ ಇದ್ದರೆ ಅಂದೇ ದೊಡ್ಡ ಆಸ್ಪತ್ರೆಗೆ.

5. ಆನೆಕಾಲು ರೋಗ

ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಈ ರೋಗದ ಮೂಲ ಕೊಳಚೆ ನಿಂತ ಚರಂಡಿಯಲ್ಲಿದೆ. ಆದುದರಿಂದ ಇದರ ತಡೆಯಲ್ಲಿ ಪಂಚಾಯಿತಿಯ ಹೊಣೆ ನೇರವಾದದ್ದು. ಬಾಧಿತರು ಪ್ರತಿದಿನ ಸೋಪಿನಿಂದ ಕಾಲು ತೊಳೆದು, ಬೆರಳಸಂದುಗಳನ್ನು ಒಣಗಿಸಿಕೊಂಡರೆ ಪದೇ ಪದೇ ಬರುವ ಜ್ವರ ಹಾಗೂ ಸೋಂಕು ಕಡಿಮೆಯಾಗುತ್ತದೆ.

ಸದಸ್ಯರು ಮಾಡಬಹುದಾದದ್ದು

ಅ) ಆಶಾ ಕಾರ್ಯಕರ್ತೆಯರೊಡನೆ ಮಾತನಾಡಿ, ಮಾಯದ ಹುಣ್ಣಿರುವವರು ತಪಾಸಣೆಗೆ ಹೋಗುವಂತೆ ಮನವೊಲಿಸುವುದು. ಹೆಸರುಗಳನ್ನು ಸಭೆಯಲ್ಲಿ ಓದಬಾರದು.

ಆ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ವರೆಗೆ ಚಿಕಿತ್ಸಾ ಸೌಲಭ್ಯವಿದೆ. ತುರ್ತಲ್ಲದ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಪಡೆದೇ ಮುಂದುವರಿಯುವಂತೆ ತಿಳಿಸುವುದು.

ಇ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಚರಂಡಿ ಸ್ವಚ್ಛತೆಯೊಡನೆ ಮಧುಮೇಹಿಗಳ ಪಾದ ತಪಾಸಣೆಯನ್ನೂ ಕಾರ್ಯಸೂಚಿಗೆ ಸೇರಿಸುವುದು.

ದುಡಿಯುವ ಒಬ್ಬರು ಕಾಲು ಕಳೆದುಕೊಂಡರೆ ಒಂದು ಮನೆಯ ಕೂಲಿಯೇ ನಿಲ್ಲುತ್ತದೆ. ಸಕಾಲದಲ್ಲಿ ಹೇಳಿದ ಒಂದು ಮಾತಿನಿಂದ ಅದನ್ನು ತಪ್ಪಿಸಲು ಸಾಧ್ಯವಿದೆ.