ಸಸ್ಯದ ಹಾಲಿನಲ್ಲಿ ಎಣ್ಣೆಗೇನು ಕೆಲಸ?

ಕಳೆದ ರಜೆಯಲ್ಲಿ ಬೆಂಗಳೂರಿನ ಬಂಧುಗಳ ಮನೆಯಿಂದ ಓಟ್ಸ್ ಹಾಲಿನ ಒಂದು ಪೊಟ್ಟಣವನ್ನು ತುರುವನೂರಿಗೆ ತಂದಿದ್ದೆನು. ನಮ್ಮ ಅಜ್ಜಿಗೆ ಓದು ಬರಹ ಬಾರದು; ಪೊಟ್ಟಣದ ಮೇಲಿನ ಬರಹವನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆನು: ನೀರು, ಓಟ್ಸ್, ಸೂರ್ಯಕಾಂತಿ ಎಣ್ಣೆ, ಉಪ್ಪು. ಎಣ್ಣೆಯೆಂಬ ಮಾತು ಕಿವಿಗೆ ಬಿದ್ದೊಡನೆ ಅಜ್ಜಿ ಲೋಟವನ್ನು ಅತ್ತ ಸರಿಸಿ, "ಹಾಲಿಗೆ ನೀರು ಬೆರೆಸೋರ್ನ ಕಂಡಿದ್ದೆ. ಎಣ್ಣೆ ಬೆರೆಸೋರ್ನ ಇವತ್ತು ಕಂಡೆ ಕಣವ್ವ" ಎಂದಳು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ವಿಜ್ಞಾನವನ್ನು ಹತ್ತನೆಯ ತರಗತಿಗೇ ಬಿಟ್ಟವಳು. ಆದರೂ ಶೇಂಗಾ ಬೆಳೆಯುವ ಮನೆಯಲ್ಲಿ ಹುಟ್ಟಿ ಎಣ್ಣೆಯ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲವೆಂದು ತೋರಿ, ಸ್ವಲ್ಪ ಓದಿ, ಸ್ವಲ್ಪ ಅಡಿಗೆಮನೆಯಲ್ಲಿಯೇ ಮಾಡಿ ನೋಡಿ ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹಾಲೆಂದರೇನು ಎಂಬುದನ್ನು ನೋಡೋಣ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 4 ಭಾಗ, ಎಮ್ಮೆಯ ಹಾಲಿನಲ್ಲಿ 6ರಿಂದ 7 ಭಾಗ ಜಿಡ್ಡು ಇರುವುದು. ಈ ಜಿಡ್ಡು ಕರಗಿರುವುದಿಲ್ಲ; ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲುತ್ತಿರುವುದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅಂತಹ ಮೂರು ನಾಲ್ಕು ಪಾಲಿನಷ್ಟು ಮಾತ್ರ ಒಂದು ಹನಿಯ ಸರಾಸರಿ ಅಳತೆ. ಪ್ರತಿ ಹನಿಯ ಸುತ್ತಲೂ ತೆಳ್ಳನೆಯ ಪೊರೆಯಿದ್ದು, ಅದು ಹನಿಗಳು ಒಂದನ್ನೊಂದು ಕೂಡದಂತೆ ಕಾಯುವುದು. ಹೀಗೆ ಒಂದು ದ್ರವದಲ್ಲಿ ಅದರೊಡನೆ ಬೆರೆಯದ ಇನ್ನೊಂದು ದ್ರವ ಹನಿಹನಿಯಾಗಿ ನಿಂತಿದ್ದರೆ ಅದಕ್ಕೆ ಎಮಲ್ಷನ್ ಎನ್ನುತ್ತಾರೆ. ಬೆಳಕು ಈ ಹನಿಗಳಿಗೆ ತಾಗಿ ಚದರುವುದರಿಂದಲೇ ಹಾಲಿಗೆ ಬಿಳುಪು ಬರುವುದು. ಹಾಲಿನ ಪ್ರೋಟೀನಿನ ಕಣಗಳೂ ಇದಕ್ಕೆ ನೆರವಾಗುತ್ತವೆ. ನಾಲಗೆಯ ಮೇಲಿನ ನುಣುಪಿಗೂ ಹನಿಗಳೇ ಬಹುಮಟ್ಟಿಗೆ ಕಾರಣ. ಜಿಡ್ಡು ತೆಗೆದ ಹಾಲು ನೀರು ನೀರಾಗಿ, ತುಸು ನೀಲಿಯಾಗಿ ಕಾಣುವುದನ್ನು ಎಲ್ಲರೂ ಬಲ್ಲರು.

ಇನ್ನು ಸಸ್ಯದ ಹಾಲು. ಇದು ನಮಗೆ ಹೊಸದೇನೂ ಅಲ್ಲ. ಕಾಯಿಹಾಲು, ಗಸಗಸೆಯ ಹಾಲು, ಎಳ್ಳಿನ ಹಾಲು, ರಾಗಿ ಹಾಲು, ಇವೆಲ್ಲ ನಮ್ಮ ಹಬ್ಬದಡಿಗೆಯಲ್ಲಿ ಬಹುಕಾಲದಿಂದ ಇವೆ. ಕಾಯಿಹಾಲನ್ನು ಒಂದು ಗಳಿಗೆ ಬಿಟ್ಟರೆ ಕೆನೆ ಮೇಲಕ್ಕೆ ಬರುವುದು. ರಾಗಿ ಹಾಲನ್ನು ಬಿಟ್ಟರೆ ಬಿಳಿಯ ಗಸಿ ತಳಕ್ಕೆ ಇಳಿಯುವುದು. ಎಣ್ಣೆ ನೀರಿಗಿಂತ ಹಗುರ, ಪಿಷ್ಟ ನೀರಿಗಿಂತ ಭಾರ. ಕಾಳುಗಳಲ್ಲಿ ಎರಡು ಜಾತಿ ಇವೆಯೆಂಬುದು ಇದರಿಂದಲೇ ಹೊರಪಡುವುದು: ಎಣ್ಣೆಯ ಕಾಳು ಮತ್ತು ಪಿಷ್ಟದ ಕಾಳು. ಎಣ್ಣೆಯನ್ನು ಹೊರಗಿನಿಂದ ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಲೆಕ್ಕ ಹಾಕಿ ನೋಡಬಹುದು. ನೂರು ಗ್ರಾಂ ಕಾಳಿಗೆ ಒಂದು ಲೀಟರ್ ನೀರು ಹಾಕಿ ಹಾಲು ತೆಗೆದೆವೆನ್ನೋಣ. ಶೇಂಗಾ ಬೀಜದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆ. ಅದರಲ್ಲಿ ಕಾಲುಭಾಗ ಚರಟದಲ್ಲಿ ಉಳಿದರೂ ಹಾಲಿಗೆ ನೂರಕ್ಕೆ ಮೂರೂವರೆ ಭಾಗ ದೊರೆಯುವುದು. ಅಂದರೆ ಹಸುವಿನ ಹಾಲಿನ ಹತ್ತಿರ ಹತ್ತಿರ. ಸೋಯಾ ಅವರೆಯಲ್ಲಿ ಎಣ್ಣೆ ನೂರಕ್ಕೆ ಇಪ್ಪತ್ತರಷ್ಟು. ಅದರ ಹಾಲಿನಲ್ಲಿ ಎರಡಕ್ಕಿಂತ ಕಡಿಮೆ. ಓಟ್ಸಿನಲ್ಲಿ ಏಳರಷ್ಟು, ಹಾಲಿನಲ್ಲಿ ಒಂದು ಭಾಗವೂ ಇಲ್ಲ. ಅಕ್ಕಿ, ರಾಗಿಗಳಲ್ಲಿ ಇನ್ನೂ ಕಡಿಮೆ. ಆದುದರಿಂದ ಶೇಂಗಾ ಹಾಲಿಗೆ ಎಣ್ಣೆ ಬೇಕಿಲ್ಲ, ಓಟ್ಸಿನ ಹಾಲಿಗೆ ಬೇಕು. 1990ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ತೆ ಎಂಬ ವಿಜ್ಞಾನಿಯು ಓಟ್ಸಿನ ಪಿಷ್ಟವನ್ನು ಕಿಣ್ವದಿಂದ ಒಡೆದು, ಗಂಜಿಯಾಗದೆ ಹರಿಯುವ ಸಿಹಿಯಾದ ಪಾನೀಯವನ್ನು ತಯಾರಿಸಿದನು. ಅದರಿಂದ ಬೆಳೆದ ಉದ್ಯಮದಲ್ಲಿ ಈಗಲೂ ಸಾಸಿವೆಯ ಜಾತಿಯ ರೇಪ್‌ಸೀಡ್ ಎಣ್ಣೆಯನ್ನು ಕೂಡಿಸುತ್ತಾರೆ. ಎಣ್ಣೆಯಿಲ್ಲದಿದ್ದರೆ ಅದು ತೆಳುವಾದ ಸಿಹಿಗಂಜಿಯಾಗಿ ಉಳಿಯುತ್ತಿತ್ತು.

ಎಣ್ಣೆ ಸುರಿದ ಮಾತ್ರಕ್ಕೆ ಹಾಲಾಗುವುದೆ? ಇದನ್ನು ನಾನೇ ಪರೀಕ್ಷಿಸಿದೆನು. ನೂರು ಗ್ರಾಂ ಶೇಂಗಾ ಬೀಜವನ್ನು ರಾತ್ರಿ ನೆನೆಯಿಟ್ಟು, ಸಿಪ್ಪೆ ತೆಗೆದು, ರುಬ್ಬಿ, ಪಂಚೆಯ ತುಂಡಿನಲ್ಲಿ ಸೋಸಿ, ಹಸಿವಾಸನೆ ಹೋಗುವಂತೆ ಕುದಿಸಿ ಇಟ್ಟೆನು. ಚಳಿಗಾಲವಾದುದರಿಂದ ರಾತ್ರಿಯೆಲ್ಲ ಕೆಡದೆ ಉಳಿಯಿತು. ಬೆಳಿಗ್ಗೆ ಮೇಲೆ ಬೆರಳು ದಪ್ಪದ ಕೆನೆ. ಕೆಳಗಿನದು ಅಕ್ಕಿ ತೊಳೆದ ಅಕ್ಕಚ್ಚಿನಂತೆ ಇತ್ತು. ಕೆನೆ ತೆಗೆದು, ಆ ತೆಳುನೀರಿಗೆ ಒಂದು ಚಮಚ ಎಣ್ಣೆ ಹಾಕಿ ಬಾಟಲಿಯಲ್ಲಿ ಕುಲುಕಿದೆನು. ಬಿಳುಪಾಯಿತಾದರೂ ಸ್ವಲ್ಪ ಹೊತ್ತಿನಲ್ಲಿಯೇ ಎಣ್ಣೆ ಮೇಲೆ ತೇಲಿತು. ಅದನ್ನೇ ಮಿಕ್ಸಿಯಲ್ಲಿ ತಿರುಗಿಸಿದಾಗ ಮಧ್ಯಾಹ್ನದವರೆಗೆ ನಿಂತಿತು. ಬರಿಯ ನೀರಿಗೆ ಅಷ್ಟೇ ಎಣ್ಣೆ ಹಾಕಿ ಅಷ್ಟೇ ಹೊತ್ತು ತಿರುಗಿಸಿದರೆ, ಲೋಟಕ್ಕೆ ಬಗ್ಗಿಸಿ ನೋಡುತ್ತಿರುವಂತೆಯೇ ಬೇರೆಯಾಯಿತು.

ಇದರಲ್ಲಿ ಎರಡು ಸಂಗತಿಗಳಿವೆ. ಹನಿ ಸಣ್ಣದಾದಷ್ಟೂ ಮೇಲೇರುವ ವೇಗ ಕಡಿಮೆ. ಹನಿಯ ಅಡ್ಡಳತೆಯನ್ನು ಹತ್ತು ಪಾಲು ಕುಗ್ಗಿಸಿದರೆ ವೇಗ ನೂರು ಪಾಲು ಕುಗ್ಗುವುದೆಂದು ಸ್ಟೋಕ್ಸ್‌ನ ನಿಯಮ ಹೇಳುತ್ತದೆ. ಬಹಳ ಒತ್ತಡದಿಂದ ಹಾಲನ್ನು ಕಿರಿದಾದ ಸಂದಿಯಲ್ಲಿ ನುಗ್ಗಿಸಿ ಹನಿಗಳನ್ನು ಒಡೆಯುವ ಯಂತ್ರಕ್ಕೆ ಫ್ರಾನ್ಸಿನ ಓಗುಸ್ಟ್ ಗೋಲಾ ಎಂಬಾತನು 1899ರಲ್ಲಿ ಪೇಟೆಂಟು ಪಡೆದನು. ಇಂದಿನ ಕಾರ್ಖಾನೆಗಳಲ್ಲಿರುವುದು ಅದರ ಸಂತತಿಯೇ. ಎರಡನೆಯದು ಪ್ರೋಟೀನು. ಒಡೆದ ಹನಿಗಳಿಗೆ ಹೊಸ ಹೊದಿಕೆ ಬೇಕು. ಶೇಂಗಾ ನೀರಿನಲ್ಲಿ ಉಳಿದಿದ್ದ ಪ್ರೋಟೀನು ಆ ಕೆಲಸವನ್ನು ಮಾಡಿತು, ಬರಿಯ ನೀರಿನಲ್ಲಿ ಮಾಡುವವರು ಯಾರೂ ಇರಲಿಲ್ಲ. ಪ್ರೋಟೀನು ಸಾಲದಿದ್ದಲ್ಲಿ ಲೆಸಿಥಿನ್ ಎಂಬ ವಸ್ತುವನ್ನು ಹಾಕುತ್ತಾರೆ.

ಯಾವ ಎಣ್ಣೆಯಾದರೂ ಆದೀತೆಂದಿಲ್ಲ. ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುವುದು. ಗಾಣದ ಶೇಂಗಾ ಎಣ್ಣೆಯ ಕಂಪು ಒಗ್ಗರಣೆಗೆ ಸೊಗಸು, ಚಹಾಕ್ಕೆ ಅಲ್ಲ. ಆದ್ದರಿಂದ ವಾಸನೆ ತೆಗೆದ, ತಂಪಿನಲ್ಲಿಯೂ ದ್ರವವಾಗಿರುವ ಎಣ್ಣೆಯನ್ನೇ ಆರಿಸುತ್ತಾರೆ. ಎ ಮತ್ತು ಡಿ ಜೀವಸತ್ತ್ವಗಳು ಕರಗುವುದೂ ಜಿಡ್ಡಿನಲ್ಲಿಯೇ.

ನಮ್ಮ ನಾಡಿನಲ್ಲಿಯೂ ಈ ದಿಕ್ಕಿನಲ್ಲಿ ದೊಡ್ಡ ಕೆಲಸ ನಡೆದಿದೆ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು ಸೋಯಾ ಹಾಲಿನ ಪೌಷ್ಟಿಕತೆಯನ್ನು ಅಭ್ಯಾಸ ಮಾಡಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಪ್ರಾರಂಭವಾದಾಗ ಅವರೇ ಮೊದಲ ನಿರ್ದೇಶಕರು. ಅಲ್ಲಿಯೇ ಮುಂದೆ ಮಿಲ್ಟೋನ್ ಎಂಬ ಪಾನೀಯ ಸಿದ್ಧವಾಯಿತು. ಎಣ್ಣೆ ತೆಗೆದ ಶೇಂಗಾದಿಂದ ಪ್ರೋಟೀನನ್ನು ಬೇರ್ಪಡಿಸಿ ಎಮ್ಮೆಯ ಹಾಲಿಗೆ ಸೇರಿಸಿ, ಇದ್ದ ಹಾಲನ್ನು ಹೆಚ್ಚು ಮಂದಿಗೆ ಒದಗಿಸುವುದು ಅದರ ಉದ್ದೇಶ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಅದು ತಯಾರಾಗುತ್ತಿತ್ತು, ಇಂದು ಇಲ್ಲ. ಅಲ್ಲಿ ಶೇಂಗಾದ ಎಣ್ಣೆ ಒಂದು ದಾರಿ ಹಿಡಿದರೆ ಪ್ರೋಟೀನು ಇನ್ನೊಂದು ದಾರಿ ಹಿಡಿಯಿತು. ಜಿಡ್ಡನ್ನು ಎಮ್ಮೆ ಒದಗಿಸಿತು. ನಮ್ಮ ನೆರೆಯ ಚಳ್ಳಕೆರೆ ಎಣ್ಣೆ ಮಿಲ್ಲುಗಳಿಗೆ ಹೆಸರಾದ ಊರು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿಯೇ ಪ್ರೋಟೀನು ಇರುವುದೆಂದು ತಿಳಿದಾಗ ನನಗೆ ಕೊಂಚ ಹೊಟ್ಟೆ ಉರಿಯಿತು. ಅದು ಹೋಗುವುದು ದನಗಳಿಗೆ. ಆದರೆ ಹಿಂಡಿಯನ್ನು ನೇರವಾಗಿ ಮನುಷ್ಯರು ತಿನ್ನಕೂಡದು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತ ಮೇಲೆ ಇದು ಲೋಕಕ್ಕೆ ತಿಳಿಯಿತು.

ಅಜ್ಜಿಯ ಸಂಶಯ ಅಡಗೂಲಜ್ಜಿಯ ಮಾತೆಂದು ತಳ್ಳುವಂತಹುದಲ್ಲ. ಎಣ್ಣೆ, ಯೂರಿಯಾ, ಸೋಪಿನ ಪುಡಿಗಳನ್ನು ಕೂಡಿಸಿ ಹಾಲೆಂದು ಮಾರುವ ವಂಚಕರು ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುವುದು. ಅಲ್ಲಿಯೂ ಎಣ್ಣೆಯ ಹನಿಗಳನ್ನು ಹಿಡಿದು ನಿಲ್ಲಿಸುವುದೇ ಸೋಪಿನ ಕೆಲಸ; ತತ್ತ್ವ ಒಂದೇ, ನಡತೆ ಬೇರೆ. ಹಾಕಿದುದನ್ನು ಪೊಟ್ಟಣದ ಮೇಲೆ ಬರೆಯುವವನು ವ್ಯಾಪಾರಿ, ಬಚ್ಚಿಡುವವನು ಕಳ್ಳ. ಸಸ್ಯದ ಪಾನೀಯಗಳಿಗೆ ಹಾಲೆಂಬ ಹೆಸರು ಸಲ್ಲದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಸೂಚಿಸಿತು. ತೆಂಗಿನ ಹಾಲಿಗೆ ಮಾತ್ರ ಹಳೆಯ ಹೆಸರು ಉಳಿಯಿತು.

ಇನ್ನೊಂದು ವಿಷಯವನ್ನು ಹೇಳಲೇಬೇಕು. ನಮ್ಮ ಕೇರಿಯ ಒಂದು ಮನೆಯಲ್ಲಿ ತಾಯಿಗೆ ಹಾಲು ಸಾಲದೆಂದು ನಾಲ್ಕು ತಿಂಗಳ ಕೂಸಿಗೆ ತೆಳುವಾದ ರಾಗಿ ಹಾಲನ್ನು ಕುಡಿಸುತ್ತಿದ್ದರು. ಕೂಸು ಸೊರಗಿತು. ಆಶಾ ಕಾರ್ಯಕರ್ತೆ ಬಂದು ತಪ್ಪಿಸಿದರು. ತಾಯಿಯ ಹಾಲಿನ ಶಕ್ತಿಯಲ್ಲಿ ಸುಮಾರು ಅರ್ಧ ಬರುವುದು ಜಿಡ್ಡಿನಿಂದ. ತೆಳುವಾದ ರಾಗಿ ಹಾಲಿನಲ್ಲಿ ಜಿಡ್ಡು ಇಲ್ಲವೆನ್ನಬೇಕು. ಎಣ್ಣೆ ಸೇರಿಸಿದರೂ ಸಸ್ಯದ ಯಾವ ಹಾಲೂ ಎಳೆಗೂಸಿಗೆ ತಾಯಿಯ ಹಾಲಿನ ಬದಲಾಗದು. ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ಅದು ಸಾಲದೆಂದು ಕಂಡರೆ ಆಸ್ಪತ್ರೆಗೆ ಹೋಗಿ ಕೇಳಬೇಕು.

ಈ ಮಾತನ್ನು ಮನೆಯಲ್ಲಿ ಹೇಳುತ್ತಿರುವಾಗ ಅಜ್ಜಿ, "ಆರು ತಿಂಗಳಾದ ಮ್ಯಾಲೆ ನಿನಗೆ ರಾಗಿ ಸರಿ ತಿನ್ನಿಸಿದೋಳು ನಾನೇ. ತುಪ್ಪ ಬಿಡದೆ ಒಂದು ದಿನಾನೂ ತಿನ್ನಿಸ್ಲಿಲ್ಲ" ಎಂದಳು. ಹಾಗಾದರೆ ಓಟ್ಸಿಗೆ ಎಣ್ಣೆ ಬಿಟ್ಟವನೂ ನೀನು ಮಾಡಿದುದನ್ನೇ ಮಾಡಿದನಲ್ಲ ಎಂದೆನು. ಅಜ್ಜಿ ತುಸು ಹೊತ್ತು ಯೋಚಿಸಿ, ತುಪ್ಪ ಬೇರೆ ಎಣ್ಣೆ ಬೇರೆ ಎಂದಳು. ಆಮೇಲೆ ನನ್ನ ಶೇಂಗಾ ಹಾಲಿನಲ್ಲಿ ಚಹಾ ಕಾಸಲು ಒಪ್ಪಿದಳು. ಚಹಾ ಒಡೆಯಿತು. ಚಹಾದ ಹುಳಿ ಮತ್ತು ಬಿಸಿಗೆ ಶೇಂಗಾದ ಪ್ರೋಟೀನು ಗಟ್ಟಿಯಾಗುವುದೆಂದೂ, ಅದನ್ನು ತಡೆಯಲು ಕಾರ್ಖಾನೆಯವರು ಫಾಸ್ಫೇಟ್ ಉಪ್ಪು ಹಾಕುವರೆಂದೂ ನಾನು ವಿವರಿಸುವಷ್ಟರಲ್ಲಿ ಅಜ್ಜಿ ಎದ್ದು ಎಮ್ಮೆ ಕರೆಯಲು ಹೋಗಿದ್ದಳು.