ಇಂದಿನ ಧಮ್ಮ ಚಿಂತನೆ: 26 ಕಪ್ಪು ಅಂಕಗಳು

ಕಳೆದ ಭಾನುವಾರ ಅಧ್ಯಯನ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ ನಮ್ಮ ಕೂಟದ ಒಬ್ಬ ಹುಡುಗ ಹತ್ತಿರ ಬಂದ. ಮುಂದಿನ ತಿಂಗಳು ದುಬೈಗೆ ಹೊರಟಿದ್ದಾನೆ, ಡ್ರೈವರ್ ಕೆಲಸಕ್ಕೆ. "ಸಾರ್, ನೀವೂ ಅಲ್ಲಿ ಗಾಡಿ ಓಡಿಸ್ತಿದ್ರಂತಲ್ಲ, ಯಾಕ್ ಸಾರ್ ವಾಪಸ್ ಬಂದ್ಬುಟ್ರಿ?" ಎಂದು ಕೇಳಿದ. "ವೀಸಾ ಮುಗೀತು ಕಣಪ್ಪ" ಅಂದೆ. ಊರಿಗೆ ಬಂದಾಗಿನಿಂದ ಎಲ್ಲರಿಗೂ ಹೇಳುತ್ತಾ ಬಂದಿರುವ ಉತ್ತರ ಅದು. ಅದಕ್ಕೆ ಒಂದು ಗಂಟೆ ಮುಂಚೆಯಷ್ಟೇ ನಿಮ್ಮೆಲ್ಲರ ಜೊತೆ ಕೈಮುಗಿದು ಪಂಚಶೀಲ ಹೇಳಿದ್ದೆ. ನಾಲ್ಕನೆಯ ಶೀಲ ಯಾವುದೆಂದು ನಿಮಗೆ ನೆನಪಿಸಬೇಕಾಗಿಲ್ಲ.

ವೀಸಾ ಮುಗಿದಿರಲಿಲ್ಲ. ಅತಿವೇಗದಲ್ಲಿ ಗಾಡಿ ಓಡಿಸಿ ಲೈಸೆನ್ಸ್ ಕಳೆದುಕೊಂಡಿದ್ದೆ. ಇವತ್ತಿನ ಪಾಠಕ್ಕೆ ಅದನ್ನೇ ಎತ್ತಿಕೊಂಡಿದ್ದೇನೆ.

*ಪಾಠ*

ಮಜ್ಝಿಮ ನಿಕಾಯದ 61ನೆಯ ಸುತ್ತ, ಅಂಬಲಟ್ಠಿಕ ರಾಹುಲೋವಾದ. ಭಗವಾನ್ ಬುದ್ಧರು ಮಗ ರಾಹುಲನನ್ನು ನೋಡಲು ಬರುತ್ತಾರೆ. ಕಾಲು ತೊಳೆದ ಮೇಲೆ ಪಾತ್ರೆಯ ತಳದಲ್ಲಿ ಚೂರು ನೀರು ಉಳಿದಿರುತ್ತದೆ. ಅದನ್ನು ತೋರಿಸಿ, ಗೊತ್ತಿದ್ದೂ ಸುಳ್ಳು ಹೇಳಲು ನಾಚದವನಲ್ಲಿ ಉಳಿಯುವ ಸಾಧನೆ ಇಷ್ಟೇ ಎಂದು ಹೇಳುತ್ತಾರೆ. ಆಮೇಲೆ ಕನ್ನಡಿ ಇರುವುದು ಯಾತಕ್ಕೆ ಎಂದು ಕೇಳುತ್ತಾರೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ನಾವು ಮಾಡುವ ಪ್ರತಿ ಕೆಲಸವನ್ನೂ ಮೂರು ಸಲ ನೋಡಿಕೊಳ್ಳಬೇಕು: ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಇದರಿಂದ ನನಗೋ, ಇನ್ನೊಬ್ಬರಿಗೋ, ಇಬ್ಬರಿಗೂ ಸೇರಿಯೋ ಕೇಡಾಗುತ್ತದೆಯೇ? ಕೇಡಾಗಿ ಹೋಗಿದ್ದರೆ ಮುಚ್ಚಿಡದೆ ತಿಳಿದವರ ಮುಂದೆ ಹೇಳಿಕೊಂಡು, ಮುಂದಕ್ಕೆ ತಡೆದುಕೊಳ್ಳಬೇಕು.

ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕಿದ ಶಾಸನದಲ್ಲಿ ಸಾಮ್ರಾಟ ಅಶೋಕ, ಭಿಕ್ಖುಗಳು ಮಾತ್ರವಲ್ಲ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕಾದ ಬೋಧನೆಗಳ ಪಟ್ಟಿ ಕೊಟ್ಟಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಮಾತು ಆ ಪಟ್ಟಿಯಲ್ಲಿದೆ. ಎಂದರೆ ಇದು ಸಂಸಾರಸ್ಥರಾದ ನಮ್ಮ ಪಾಠವೂ ಹೌದು.

*ನಡೆದದ್ದು*

ಎಂ.ಎ., ಬಿ.ಎಡ್. ಮುಗಿಸಿ ನಾನು ಬಹಳ ವರ್ಷ ಅತಿಥಿ ಶಿಕ್ಷಕನಾಗಿದ್ದೆ. ಗೌರವಧನ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ತಂಗಿಯ ಮದುವೆಯ ಸಾಲ ಹಾಗೇ ಇತ್ತು. ಗಾಡಿ ಓಡಿಸುವುದು ಗೊತ್ತಿತ್ತು, 2018ರಲ್ಲಿ ದುಬೈಗೆ ಹೋದೆ. ನಮ್ಮ ಊರಿನ ಲೈಸೆನ್ಸ್ ತೋರಿಸಿದರೆ ಅಲ್ಲಿಯದು ಕೊಡುವುದಿಲ್ಲ. ಆಗ ಅಲ್ಲಿನ ತರಬೇತಿ ಶಾಲೆಗೆ ಸೇರಬೇಕಿತ್ತು, ತರಗತಿಗೆ ಹೋಗಬೇಕಿತ್ತು, ರಸ್ತೆ ಪರೀಕ್ಷೆ ಪಾಸು ಮಾಡಬೇಕಿತ್ತು. ಸಾವಿರಾರು ದಿರಹಂ ಖರ್ಚು. ಅವ್ವ ತನ್ನ ಓಲೆ ಗಿರವಿ ಇಟ್ಟು ದುಡ್ಡು ಕಳಿಸಿದಳು. ಮೂರನೆಯ ಸಲಕ್ಕೆ ಪಾಸಾದೆ. ಅಲ್ ಕೂಜ್‌ನ ಒಂದು ಗೋದಾಮಿನಿಂದ ಅಂಗಡಿಗಳಿಗೆ ವ್ಯಾನಿನಲ್ಲಿ ಸಾಮಾನು ಮುಟ್ಟಿಸುವ ಕೆಲಸ ಸಿಕ್ಕಿತು.

ಅಲ್ಲಿ ದಂಡದ ಜೊತೆಗೆ ಕಪ್ಪು ಅಂಕ ಕೊಡುತ್ತಾರೆ. 2017ರ ಜುಲೈ 1ರಿಂದ ಜಾರಿಗೆ ಬಂದ ಪಟ್ಟಿಯ ಪ್ರಕಾರ, ಗಾಡಿ ಓಡಿಸುತ್ತಾ ಫೋನ್ ಹಿಡಿದರೆ 800 ದಿರಹಂ ದಂಡ, 4 ಅಂಕ. ಸೀಟ್ ಬೆಲ್ಟ್ ಹಾಕದಿದ್ದರೆ 400 ದಿರಹಂ, 4 ಅಂಕ. ಮಿತಿಗಿಂತ 50ಕ್ಕೂ ಹೆಚ್ಚು, 60 ಕಿ.ಮೀ.ವರೆಗೆ ವೇಗ ಮೀರಿದರೆ 1,500 ದಿರಹಂ, 6 ಅಂಕ, ಗಾಡಿ 15 ದಿನ ಜಪ್ತಿ. 60ನ್ನೂ ದಾಟಿದರೆ 2,000 ದಿರಹಂ, 12 ಅಂಕ, ಗಾಡಿ 30 ದಿನ ಜಪ್ತಿ. ಒಂದು ವರ್ಷದೊಳಗೆ 24 ಅಂಕ ತುಂಬಿದರೆ ಲೈಸೆನ್ಸ್ ಅಮಾನತು. ಮೊದಲ ಸಲಕ್ಕೆ ಮೂರು ತಿಂಗಳು.

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು, ನನ್ನ ಮನಸ್ಸು ಕೆಟ್ಟದ್ದು ಅಲ್ಲಿಂದಲೇ. ದುಬೈಯಲ್ಲಿ ಬೋರ್ಡಿನ ಮೇಲೆ ಬರೆದ ಮಿತಿಗಿಂತ 20 ಕಿ.ಮೀ.ವರೆಗೆ ಹೆಚ್ಚಾದರೂ ರಡಾರ್ ಬಿಟ್ಟುಬಿಡುತ್ತದೆ. ಪಕ್ಕದ ಅಬುಧಾಬಿಯಲ್ಲೂ ಹಾಗೇ ಇತ್ತು, 2018ರ ಆಗಸ್ಟ್‌ನಲ್ಲಿ ತೆಗೆದುಹಾಕಿದರು. ಆ 20 ಕಿ.ಮೀ. ಇರುವುದು ಕಣ್ತಪ್ಪಿ ಮೀರಿದವರಿಗಾಗಿ. ನಾನು ಅದನ್ನು ನನ್ನ ಪಾಲು ಎಂದುಕೊಂಡೆ. 80 ಎಂದು ಬರೆದಿದ್ದರೆ ನನ್ನ ಕಣ್ಣಿಗೆ 100 ಎಂದೇ ಕಾಣುತ್ತಿತ್ತು. ಸ್ವಲ್ಪ ದಿನಕ್ಕೆ, ರಡಾರ್ ಎಲ್ಲೆಲ್ಲಿದೆ ಎಂದು ತಿಳಿದ ಮೇಲೆ, 100 ಕೂಡ ನಿಧಾನ ಅನ್ನಿಸತೊಡಗಿತು. ಬೇಲಿಯ ಪಕ್ಕ ಬಿಟ್ಟ ಜಾಗಕ್ಕೆ ಉಳುಮೆ ಹಾಕಿದವನು ಮುಂದಿನ ವರ್ಷ ಬೇಲಿಯನ್ನೇ ಸರಿಸುತ್ತಾನಲ್ಲ, ಹಾಗೆ.

ಫೋನಿಗೆ 4, ಬೆಲ್ಟಿಗೆ 4, ವೇಗಕ್ಕೆ 6. ಎಂಟು ತಿಂಗಳಲ್ಲಿ 14 ಅಂಕವಾಗಿತ್ತು. ಒಂದೊಂದು ಸಲಕ್ಕೂ ನನ್ನ ಹತ್ತಿರ ಒಂದೊಂದು ಕಾರಣ ಇತ್ತು.

2019ರಲ್ಲಿ ಒಂದು ರಾತ್ರಿ ಕೊನೆಯ ಅಂಗಡಿಗೆ ಸಾಮಾನು ಇಳಿಸಬೇಕಿತ್ತು. ಸೂಪರ್‌ವೈಸರ್ ಫೋನಿನ ಮೇಲೆ ಫೋನ್ ಮಾಡುತ್ತಿದ್ದ. 80ರ ರಸ್ತೆ ಖಾಲಿಯಾಗಿತ್ತು, ನಾನು 140ರ ಮೇಲಿದ್ದೆ. ರಡಾರಿನ ಬೆಳಕು ಫಳಕ್ಕೆಂದಿತು. ಹೊಸದಾಗಿ ಇಟ್ಟಿದ್ದಿರಬೇಕು, ನನಗೆ ಗೊತ್ತಿರಲಿಲ್ಲ. ಬೆಚ್ಚಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಆಗ ಮುಂದೆ ನೀಲಿ ಸಮವಸ್ತ್ರದ ಒಬ್ಬ ಮನುಷ್ಯ ಕಂಡ. ಕೈಯಲ್ಲಿ ಊಟದ ಚೀಲ. ಪಾಳಿ ಮುಗಿಸಿ ಲೇಬರ್ ಕ್ಯಾಂಪಿನ ಕಡೆಗೆ ರಸ್ತೆ ದಾಟುತ್ತಿದ್ದ. ನಾನು ಬ್ರೇಕ್ ಒತ್ತಿದೆ. ಅವನು ಓಡಿದ.

140ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಹೋಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ಇದನ್ನು ನಾನು ಹೈಸ್ಕೂಲಿನಲ್ಲೇ ಓದಿದ್ದೆ. ನನ್ನ ವ್ಯಾನ್ ನಿಂತದ್ದು ಅವನು ದಾಟಿದ ಜಾಗಕ್ಕಿಂತ ಬಹಳ ಮುಂದೆ. ಅವನು ಬದುಕಿದ್ದು ನನ್ನ ಬ್ರೇಕಿನಿಂದಲ್ಲ, ಅವನ ಕಾಲಿನಿಂದ. ಇಳಿದು ಹಿಂದಕ್ಕೆ ನೋಡಿದೆ. ಅವನು ರಸ್ತೆಯ ಆ ಬದಿಯಲ್ಲಿ ನಿಂತು, ಏದುಸಿರು ಬಿಡುತ್ತಾ, ನನ್ನ ಕಡೆಗೆ ಕೈ ಎತ್ತಿದ. ತಪ್ಪಾಯಿತು ಎನ್ನುವ ಹಾಗೆ. ಅಲ್ಲಿ ದಾಟಬಾರದ ಜಾಗದಲ್ಲಿ ರಸ್ತೆ ದಾಟಿದವನಿಗೂ ಆಗ 400 ದಿರಹಂ ದಂಡವಿತ್ತು. ಪ್ರಾಣ ಹೋಗುವುದರಲ್ಲಿತ್ತು, ಆದರೂ ಕ್ಷಮೆ ಕೇಳಿದ್ದು ಅವನು.

*ಆ ಎತ್ತಿದ ಕೈ*

ಬಂಧುಗಳೇ, ನನ್ನ ತಾತ ಗೌಡರ ಮನೆಯ ಮುಂದೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದ. ಎದುರಿಗೆ ಎತ್ತಿನ ಗಾಡಿ ಬಂದರೆ ಚರಂಡಿಯ ಬದಿಗೆ ಸರಿದು ಕೈ ಎತ್ತುತ್ತಿದ್ದ. ಬಾಬಾಸಾಹೇಬರ ಚಾಳೀಸ್‌ಗಾಂವ್ ಪ್ರಸಂಗ ನಮಗೆಲ್ಲ ಗೊತ್ತು. 1929ರಲ್ಲಿ ಅಸ್ಪೃಶ್ಯರ ಕಷ್ಟಗಳನ್ನು ವಿಚಾರಿಸುವ ಸಮಿತಿಯ ಸದಸ್ಯರಾಗಿ ಹೋದಾಗ, ಅವರನ್ನು ಕೂರಿಸಿಕೊಂಡು ಓಡಿಸಲು ಯಾವ ಟಾಂಗಾವಾಲನೂ ಒಪ್ಪಲಿಲ್ಲ. ಟಾಂಗಾ ಕೊಡುತ್ತೇವೆ, ಓಡಿಸುವುದಿಲ್ಲ ಎಂದರು. ಓಡಿಸಿ ಗೊತ್ತಿಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಮೋರಿಯ ಹತ್ತಿರ ಟಾಂಗಾ ಅಪಘಾತಕ್ಕೆ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲಿನ ಮೂಳೆ ಮುರಿಯಿತು.

ಗಾಡಿಯ ಮುಂದಿನ ಸೀಟು ನಮಗೆ ಸುಮ್ಮನೆ ಬಂದದ್ದಲ್ಲ. ಆ ಟಾಂಗಾ ಓಡಿಸಿದವನಿಗೆ ತರಬೇತಿ ಇರಲಿಲ್ಲ, ಅವನ ತಪ್ಪೂ ಇರಲಿಲ್ಲ. ನನಗೆ ತರಬೇತಿ ಇತ್ತು, ಪರೀಕ್ಷೆ ಪಾಸು ಮಾಡಿದ್ದೆ, ಅವ್ವನ ಓಲೆಯ ದುಡ್ಡಿನ ಲೈಸೆನ್ಸ್ ಜೇಬಿನಲ್ಲಿತ್ತು. ಅಷ್ಟೆಲ್ಲ ಇದ್ದೂ, ಬಡವನೊಬ್ಬ ಬದಿಗೆ ಸರಿದು ಕೈ ಎತ್ತುವಂಥ ಗಾಡಿಯವನಾಗಿ ನಾನು ಆ ರಾತ್ರಿ ನಿಂತಿದ್ದೆ. ದಂಡಕ್ಕಿಂತ ಇದೇ ನನ್ನನ್ನು ಹೆಚ್ಚು ಸುಟ್ಟಿತು.

ದಂಡದ ಸಂದೇಶ ಕಂಪನಿಗೆ ಬಂತು. ಅವರು ನನ್ನ ಲೈಸೆನ್ಸ್ ನಂಬರ್ ಕೊಟ್ಟರು. 14ಕ್ಕೆ 12 ಸೇರಿ 26. ಮೂರು ತಿಂಗಳು ಲೈಸೆನ್ಸ್ ಇಲ್ಲ. ಡ್ರೈವರ್ ಸಂಬಳ ಹೋಗಿ ಗೋದಾಮಿನಲ್ಲಿ ಹಮಾಲಿ ಕೆಲಸಕ್ಕೆ ಹಾಕಿದರು, ದಂಡವನ್ನು ಸಂಬಳದಲ್ಲಿ ಹಿಡಿದರು. ಊರಿಗೆ ದುಡ್ಡು ಕಳಿಸುವುದು ನಿಂತಿತು. ಅವಧಿ ಮುಗಿಯುವ ಮುಂಚೆಯೇ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಊರಿನ ಲೈಸೆನ್ಸ್ ಟ್ರಂಕಿನಲ್ಲಿ ಹಾಗೇ ಇತ್ತು, ಅದರ ಮೇಲೆ ಒಂದು ಗೀರೂ ಇರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಅವ್ವ ಮಾತ್ರ "ಏನ್ ಮಾಡದು ಮಗ, ಹಣೇಲಿ ಬರ್ದಂಗೆ ಆಯ್ತದೆ" ಅಂದಳು. ನಾನು ಸುಮ್ಮನಿದ್ದೆ. ಹಣೆಬರಹದ ಹಿಂದೆ ಬಚ್ಚಿಟ್ಟುಕೊಳ್ಳುವುದು ಸುಲಭವಾಗಿತ್ತು.

*ಹಣೆಬರಹವೋ, ಕಮ್ಮವೋ*

ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಹಿಂದಿನ ಜನ್ಮದ ಪಾಪದಿಂದ ಇಂದಿನ ಬಡತನ ಎನ್ನುವ ವಾದವನ್ನು ಒಪ್ಪುವುದಿಲ್ಲ. ಕಮ್ಮ ಎಂದರೆ ನಾವು ಮಾಡುವ ಕೆಲಸ ಮತ್ತು ಅದರಿಂದ ಸಮಾಜದಲ್ಲಿ ಉಳಿಯುವ ಅಥವಾ ಕೆಡುವ ನೀತಿ. ನನ್ನ 26 ಅಂಕಗಳಿಗೆ ತಾರೀಖು ಇತ್ತು, ಗಂಟೆ ಇತ್ತು, ಜಾಗ ಇತ್ತು. ಅದರಲ್ಲಿ ಹಿಂದಿನ ಜನ್ಮದ್ದು ಒಂದೂ ಇರಲಿಲ್ಲ.

ಹಾಗಾದರೆ ಸೂಪರ್‌ವೈಸರ್‌ನ ಪಾಲು ಇಲ್ಲವೇ? ಇದೆ. ಹತ್ತು ಗಂಟೆಯಲ್ಲಿ ಮುಗಿಯದ ಕೆಲಸವನ್ನು ಹತ್ತು ಗಂಟೆಗೆ ಹಂಚುವವನು ರಸ್ತೆಯ ಮೇಲಿನ ಅಪಾಯವನ್ನೂ ಹಂಚುತ್ತಾನೆ. ಅದನ್ನು ಪ್ರಶ್ನಿಸಬೇಕು. ಆದರೆ ನಾನು ಒಂದು ದಿನವೂ "ಇಷ್ಟು ಅಂಗಡಿ ಆಗಲ್ಲ" ಎಂದು ಹೇಳಿರಲಿಲ್ಲ. ಅವನ ಮುಂದೆ ತೆರೆಯದ ಬಾಯನ್ನು ಮುಚ್ಚಿಕೊಂಡು, ಸಿಟ್ಟನ್ನೆಲ್ಲ ಕಾಲಿನ ಮೂಲಕ ಗಾಡಿಗೆ ಕೊಟ್ಟೆ. ಅದರ ಬೆಲೆ ತೆರಬೇಕಾಗಿದ್ದದ್ದು ನೀಲಿ ಸಮವಸ್ತ್ರದ ಆ ಕೂಲಿಯವನು.

ಐದನೆಯ ಶೀಲದಲ್ಲಿ ಪಮಾದ ಎನ್ನುವ ಪದ ಬರುತ್ತದೆ. ಮೈಮರೆವು ಎಂದು ಅರ್ಥ. ಶೀಲ ಹೇಳುವುದು ಮದ್ಯದ ಬಗ್ಗೆ, ಅದು ಮೈಮರೆಸುತ್ತದೆ ಎಂಬ ಕಾರಣಕ್ಕೆ. ನಾನು ಕುಡಿಯುವವನಲ್ಲ, ಆ ಹೆಮ್ಮೆ ನನಗಿತ್ತು. ವೇಗವೂ ಮೈಮರೆಸುತ್ತದೆ ಎಂದು ಗೊತ್ತಾಗಲು ರಡಾರಿನ ಬೆಳಕು ಬೇಕಾಯಿತು. ಭಗವಾನ್ ಬುದ್ಧರು ಪರಿನಿಬ್ಬಾಣಕ್ಕೆ ಮುಂಚೆ ಕೊನೆಯದಾಗಿ ಹೇಳಿದ್ದು ಇದರ ವಿರುದ್ಧ ಪದವನ್ನೇ: ಅಪ್ಪಮಾದ, ಎಚ್ಚರ.

ನಿನ್ನೆ ರಾತ್ರಿ ಅವ್ವನಿಗೆ ನಿಜ ಹೇಳಿದೆ. ಓಲೆಯ ಮಾತೇ ಎತ್ತಲಿಲ್ಲ. "ಆ ಮನ್ಸ ಉಳ್ಕಂಡ್ನಾ?" ಎಂದಷ್ಟೇ ಕೇಳಿದಳು. ಆಮೇಲೆ ಆ ಹುಡುಗನಿಗೆ ಫೋನ್ ಮಾಡಿದೆ. ಈಗ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ. ರಾಹುಲನ ಪಾಠದ ಮೂರನೆಯ ಭಾಗ ಇದು, ನಾನು ಇಷ್ಟು ವರ್ಷ ಬಿಟ್ಟುಬಿಟ್ಟಿದ್ದ ಭಾಗ.

*ಇಂದಿನ ಅಭ್ಯಾಸ*

ಆ ದೇಶದಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನವನ್ನು ಅಪಘಾತವಿಲ್ಲದ ದಿನವೆಂದು ಮಾಡಿದ್ದಾರೆ. 2023 ಮತ್ತು 2024ರಲ್ಲಿ, ಆ ದಿನ ಎಚ್ಚರದಿಂದ ಓಡಿಸುತ್ತೇನೆಂದು ಪ್ರತಿಜ್ಞೆ ಮಾಡಿ ಹಾಗೆಯೇ ನಡೆದುಕೊಂಡವರಿಗೆ 4 ಕಪ್ಪು ಅಂಕ ಕಡಿಮೆ ಮಾಡಿದರು. ಒಂದು ದಿನದ ಎಚ್ಚರಕ್ಕೂ ಲೆಕ್ಕವಿದೆ. ಇವತ್ತು ನಾವೂ ಒಂದು ದಿನ ನೋಡೋಣ.

1. ಗಾಡಿಯ ಕೀ ತಿರುಗಿಸುವ ಮುಂಚೆ ಒಂದು ಉಸಿರು ನಿಂತು ಕೇಳಿಕೊಳ್ಳಿ: ನಾನು ಯಾಕೆ ಅವಸರದಲ್ಲಿದ್ದೇನೆ?

2. ಓಡಿಸುವಾಗ ಶಾಲೆಯ ಮುಂದೆ, ಸಂತೆಯಲ್ಲಿ, ಕೂಲಿಯವರು ದಾಟುವ ಜಾಗದಲ್ಲಿ ನಾವೇ ಮೊದಲು ನಿಲ್ಲೋಣ. ಅವರು ಕೈ ಎತ್ತಿ ನಮ್ಮನ್ನು ಬೇಡುವಂತಾಗಬಾರದು.

3. ರಾತ್ರಿ ಮಲಗುವ ಮುಂಚೆ, ಮನೆಯವರಿಗೆ ಹೇಳದೆ ಬಚ್ಚಿಟ್ಟ ಒಂದು ತಪ್ಪನ್ನು ಹೇಳಿಕೊಳ್ಳಿ. ಚಿಕ್ಕದಾದರೂ ಸರಿ.

ದುಬೈಗೆ ಹೊರಟ ತಮ್ಮನಿಗೆ: ಆಗದ ಕೆಲಸವನ್ನು ಆಗಲ್ಲ ಎಂದು ಬಾಯಿಬಿಟ್ಟು ಹೇಳು. ಬೋರ್ಡಿನಲ್ಲಿ 80 ಎಂದಿದ್ದರೆ 80 ಎಂದೇ ಓದು. ಹೋಗಿ ಬಾ, ಒಳ್ಳೆಯದಾಗಲಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.