ಕಾಲುಬಾಯಿ ಬೇನೆಯ ವೈರಸ್: ಆರ್‌ಎನ್‌ಎ ಬರೀ ದಾರವಲ್ಲ

ಜತ್ತ ತಾಲ್ಲೂಕಿನ ಮಕ್ಕಳಿಗೆ ಕಾಲುಬಾಯಿ ಬೇನೆ ಹೊಸದಲ್ಲ. ಮರಾಠಿಯಲ್ಲಿ ‘ಲಾಳ್ಯಾ ಖುರಕತ’ ಅಂತಾರೆ. ಖಿಲಾರಿ ಎತ್ತು ಜೊಲ್ಲು ಸುರಿಸುತ್ತ, ಕುಂಟುತ್ತ ಮೇವು ಬಿಡುವುದನ್ನು ಎಷ್ಟೋ ಮಕ್ಕಳು ಮನೆಯಲ್ಲೇ ನೋಡಿರುತ್ತಾರೆ. ವೈರಸ್ ಪಾಠವನ್ನು ಇಲ್ಲಿಂದಲೇ ಶುರು ಮಾಡಬಹುದು. ಪ್ರಾಣಿಗಳ ವೈರಸ್‌ಗಳಲ್ಲಿ ಮೊದಲು ಪತ್ತೆಯಾದದ್ದೂ ಇದೇ: 1898, ಜರ್ಮನಿಯ ಲೋಫ್ಲರ್ ಮತ್ತು ಫ್ರೋಷ್.

ಇದರ ಜೀನೋಮ್ ಸುಮಾರು 8,400 ಅಕ್ಷರಗಳ ಒಂದೇ ಎಳೆಯ ಆರ್‌ಎನ್‌ಎ. “ಸರ್, ಒಂದೇ ಎಳೆ ಅಂದ್ರ ನೆಟ್ಟಗಿನ ದಾರ ಅಲ್ಲೇನ್ರಿ?” ಅಂತ ಮಕ್ಕಳು ಕೇಳ್ತಾರೆ. ಅಲ್ಲ. ಆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಹೀಗೆ ಮಡಚಿ ಸ್ವಂತ ಆಕಾರ ಪಡೆದ ಭಾಗವೇ ಡೊಮೈನ್.

ಚಟುವಟಿಕೆ: ಕಾಗದದ ಪಟ್ಟಿಯಲ್ಲಿ 14 ಮನೆ ಹಾಕಿ ಬರೆಯಿರಿ: ಜಿ ಜಿ ಸಿ ಎ ಸಿ – ಯು ಯು ಯು ಯು – ಜಿ ಯು ಜಿ ಸಿ ಸಿ. ನಡುವಿನ ನಾಲ್ಕು ‘ಯು’ಗಳಲ್ಲಿ ಬಗ್ಗಿಸಿದರೆ ಎ–ಯು, ಜಿ–ಸಿ ಜೋಡಿಗಳು ಎದುರುಬದುರಾಗಿ ಹೇರ್‌ಪಿನ್ ಆಗುತ್ತದೆ.

ಈ ಆಕಾರದ ಕೆಲಸವೇನು? ನಮ್ಮ ಜೀವಕೋಶದ ಎಂಆರ್‌ಎನ್‌ಎ ತುದಿಯಲ್ಲಿ ‘ಟೋಪಿ’ ಇರುತ್ತದೆ. ಅದನ್ನು ಗುರುತಿಸಿ ರೈಬೋಸೋಮ್ ಬರುತ್ತದೆ. ಈ ವೈರಸ್ಸಿಗೆ ಟೋಪಿ ಇಲ್ಲ. ಬದಲಿಗೆ ಸುಮಾರು 450 ಅಕ್ಷರಗಳು ಹಲವು ಡೊಮೈನ್‌ಗಳಾಗಿ ಮಡಚಿ ‘ಐರೆಸ್’ ಎಂಬ ರಚನೆ ಆಗುತ್ತವೆ. ಇದರ 4ನೇ ಡೊಮೈನ್ ಜೀವಕೋಶದ ಇಐಎಫ್4ಜಿ ಪ್ರೋಟೀನನ್ನು ಹಿಡಿದು, ರೈಬೋಸೋಮನ್ನು ಎಳೆಯ ಒಳಭಾಗಕ್ಕೇ ಕರೆತರಲು ನೆರವಾಗುತ್ತದೆ. ಅಷ್ಟೇ ಅಲ್ಲ, ವೈರಸ್ಸಿನ ಒಂದು ಕಿಣ್ವ ಆ ಪ್ರೋಟೀನನ್ನು ತುಂಡರಿಸುತ್ತದೆ. ಟೋಪಿಯ ಸಂದೇಶಗಳು ನಿಲ್ಲುತ್ತವೆ. ಉಳಿದ ತುಂಡು ವೈರಸ್ಸಿಗೆ ಸಾಕು! ‘ಕ್ರೆ’ ಎಂಬ 55 ಅಕ್ಷರಗಳ ಇನ್ನೊಂದು ಹೇರ್‌ಪಿನ್ ಆರ್‌ಎನ್‌ಎ ನಕಲು ಶುರುವಾಗಲು ಬೇಕು.

ಈಗ ಪಟ್ಟಿಯ 2ನೇ ಅಕ್ಷರವನ್ನು ‘ಸಿ’ ಮಾಡಿ. ಜೋಡಿ ಮುರಿಯಿತು. 13ನೆಯದನ್ನು ‘ಜಿ’ ಮಾಡಿ. ಮತ್ತೆ ಕೂಡಿತು! ಅಕ್ಷರ ಬದಲಾದರೂ ಆಕಾರ ಉಳಿಯಬಹುದು. ಆರ್‌ಎನ್‌ಎ ನಕಲಿಸುವಾಗ ತಪ್ಪುಗಳು ಬಹಳ. ಮುಖ್ಯ ಮಡಿಕೆ ಕೆಡಿಸುವ ತಪ್ಪಾದರೆ ಆ ವೈರಸ್ ಬೆಳೆಯಲಾರದು. ಹೊರಕವಚದ ಪ್ರೋಟೀನ್ ಮಾತ್ರ ಎಷ್ಟೋ ಬದಲಾವಣೆ ತಾಳಿಕೊಳ್ಳುತ್ತದೆ. ಲಸಿಕೆ ಕಲಿಸುವುದು ಆ ಕವಚದ ಗುರುತನ್ನೇ. ಅದಕ್ಕೇ ನಮ್ಮ ದೇಶದ ಲಸಿಕೆಯಲ್ಲಿ ಒ, ಎ, ಏಷ್ಯಾ-1 ಎಂಬ ಮೂರು ಬಗೆಗಳೂ ಇವೆ. ಒಂದರ ರಕ್ಷಣೆ ಇನ್ನೊಂದಕ್ಕೆ ಆಗದು. ರಕ್ಷಣೆ ಬಹಳ ದಿನ ಉಳಿಯದ್ದರಿಂದ ಆರು ತಿಂಗಳಿಗೊಮ್ಮೆ ಹಾಕಿಸಬೇಕು.

“ಹೋದ ವರ್ಷ ಹಾಕಿಸೀವಲ್ರಿ” ಅನ್ನುವ ಮನೆಗೆ ಈ ಪಟ್ಟಿಯನ್ನು ಮಕ್ಕಳ ಕೈಯಲ್ಲೇ ಕಳಿಸಿ.